ಗರ್ಭನಿರೋಧಕ ಮಾತ್ರೆ: ಎರಡು ವರ್ಷ ನುಂಗಿದವಳ ಅಭಿಪ್ರಾಯ

ಬ್ರಾಂಡ್ ಹೆಸರು ಬರೆಯುತ್ತಿಲ್ಲ. ಒಳಗಿರುವುದು ಹೇಳಿದರೆ ಸಾಕು: ಎಥಿನೈಲ್ ಎಸ್ಟ್ರಾಡಿಯಾಲ್ (ಇದೊಂದು ಈಸ್ಟ್ರೊಜೆನ್ ಹಾರ್ಮೋನ್) 0.03 ಮಿಲಿಗ್ರಾಂ, ಲೆವೊನಾರ್ಜೆಸ್ಟ್ರೆಲ್ 0.15 ಮಿಲಿಗ್ರಾಂ. 21 ಹಾರ್ಮೋನ್ ಮಾತ್ರೆ, ಕೊನೆಗೆ 7 ಕಬ್ಬಿಣದ ಮಾತ್ರೆ. ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುವ ಮಾಲಾ-ಎನ್‌ನಲ್ಲೂ ಇದೇ ಇರುತ್ತದೆ.

ಕೆಲಸಕ್ಕೆ ಪೂರ್ತಿ ಮಾರ್ಕು. ಮುಟ್ಟು ಹೇಳಿದ ದಿನಕ್ಕೆ ಬರುತ್ತಿತ್ತು, ಹೊಟ್ಟೆನೋವು ಕಮ್ಮಿಯಾಯಿತು. ಮೊದಮೊದಲು ವಾಕರಿಕೆ ಇತ್ತು. ರಾತ್ರಿ ಊಟವಾದ ಮೇಲೆ ನುಂಗತೊಡಗಿದೆ, ಅದೂ ಹೋಯಿತು.

ತಲೆನೋವು ಮಾತ್ರ ಹೋಗಲಿಲ್ಲ. ಅದೂ ಕಬ್ಬಿಣದ ಮಾತ್ರೆಯ ವಾರದಲ್ಲೇ ಜಾಸ್ತಿ. ಆ ವಾರ ಮೈಯಲ್ಲಿ ಈಸ್ಟ್ರೊಜೆನ್ ಒಮ್ಮೆಲೇ ಇಳಿಯುತ್ತದೆ. ಆದರೆ ಕಲಬುರಗಿಯ ಮೇ ತಿಂಗಳಲ್ಲಿ ತಲೆ ನೋಯಿತು ಅಂದರೆ ಮಾತ್ರೆಯನ್ನು ಯಾರು ಬಯ್ಯುತ್ತಾರೆ? "ಬಿಸಿಲಾಗ ತಿರಗಬ್ಯಾಡ ಅಂದ್ರ ಕೇಳಂಗಿಲ್ಲ, ಪಿತ್ತ ಏರ್ಯದ" ಅಂತ ಅತ್ತೆ ಮಜ್ಜಿಗೆ ತಂದುಕೊಟ್ಟರು. ಮಜ್ಜಿಗೆ ಚೆನ್ನಾಗಿತ್ತು ಬಿಡಿ. ಮಳೆಗಾಲ ಬಂದರೂ ನೋವು ಅದೇ ವಾರಕ್ಕೆ ಬರುತ್ತಿತ್ತು.

ಎರಡು ವರ್ಷ ದಾಟಿದ ಮೇಲೆ ಬೇರೆಯದೇ ಶುರುವಾಯಿತು. ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದೆ. ಕಣ್ಣಂಚಿನಲ್ಲಿ ಅಂಕುಡೊಂಕು ಗೆರೆ, ಮಿಣಮಿಣ ಬೆಳಕು. ಬಸ್ಸಿನ ಬೋರ್ಡಿನಲ್ಲಿ 'ಜೇವರ್ಗಿ' ಅರ್ಧವೇ ಕಾಣುತ್ತಿತ್ತು. ಬೆರಳು ಜುಮ್ಮೆಂದು, ಅದು ಮೆಲ್ಲಗೆ ತೋಳು ಹತ್ತಿ ತುಟಿಯವರೆಗೂ ಬಂತು. ಅರ್ಧ ಗಂಟೆಯಲ್ಲಿ ಎಲ್ಲ ಸರಿಹೋಯಿತು, ಹಿಂದೆಯೇ ತಲೆನೋವು. ನರರೋಗ ತಜ್ಞರು ಇದು ಔರಾ (ತಲೆನೋವಿಗೆ ಮುಂಚೆ ಬರುವ ಇಂಥ ಗೆರೆ, ಬೆಳಕು, ಜುಮ್ಮು) ಇರುವ ಮೈಗ್ರೇನ್ ಅಂದರು, ಮಾತ್ರೆ ಅವತ್ತೇ ನಿಲ್ಲಿಸಿದರು. ಈ ತರಹದ ಮೈಗ್ರೇನ್ ಇರುವವರಿಗೆ ಪಾರ್ಶ್ವವಾಯುವಿನ ಅಪಾಯ ಮೊದಲೇ ತುಸು ಹೆಚ್ಚು, ಈಸ್ಟ್ರೊಜೆನ್ ಅದನ್ನು ಇನ್ನೂ ಏರಿಸುತ್ತದೆ. ವಯಸ್ಸು ಎಷ್ಟೇ ಇರಲಿ, ಇಂಥವರು ಈ ಮಾತ್ರೆ ತಗೊಳ್ಳಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. ಕೈ ಸೋತರೆ, ಮಾತು ತೊದಲಿದರೆ ಮಜ್ಜಿಗೆ ಕುಡಿಯುತ್ತಾ ಕೂರಬೇಡಿ, ಸೀದಾ ಆಸ್ಪತ್ರೆಗೆ ಹೋಗಿ.

ಸಿಟ್ಟು ಬಂದದ್ದು ಮೆಡಿಕಲ್ ಅಂಗಡಿಯವರ ಮೇಲೆ. ತಿಂಗಳು ತಿಂಗಳು ಪೇಪರಿನಲ್ಲಿ ಸುತ್ತಿ ಕೊಟ್ಟರು. ತಲೆನೋವು ಬರುತ್ತದಾ, ಬಿಪಿ ಎಷ್ಟಿದೆ ಅಂತ ಕೇಳಲೇ ಇಲ್ಲ. ಫಿಟ್ಸ್‌ಗೆ ಫೆನಿಟಾಯಿನ್ ಅಥವಾ ಕಾರ್ಬಮಜೆಪೈನ್ ತಗೊಳ್ಳುವವರನ್ನೂ ಕೇಳಬೇಕು. ಅವು ಈ ಮಾತ್ರೆಯ ಬಲ ಕುಗ್ಗಿಸುತ್ತವೆ, ಗರ್ಭ ನಿಲ್ಲಬಹುದು.

ಈಗ ಹಾರ್ಮೋನ್ ಇಲ್ಲದ ಕಾಪರ್-ಟಿ ಹಾಕಿಸಿಕೊಂಡಿದ್ದೇನೆ. ಮುಟ್ಟಿನ ರಕ್ತ ಜಾಸ್ತಿಯಾಗಿದೆ. ತಲೆನೋವು ಆಗಾಗ ಬರುತ್ತದೆ, ಆ ಗೆರೆಗಳು ಮತ್ತೆ ಕಂಡಿಲ್ಲ. ನನ್ನ ತಂಗಿಗೆ ಮೈಗ್ರೇನ್ ಇಲ್ಲ, ಬಿಪಿ ಸರಿಯಿದೆ. ಡಾಕ್ಟರಿಗೆ ತೋರಿಸಿ ಅದೇ ಮಾತ್ರೆ ತಗೊಳ್ಳುತ್ತಿದ್ದಾಳೆ, ನಾನು ಬೇಡ ಅಂದಿಲ್ಲ. ಐದಕ್ಕೆ ಮೂರು ಸ್ಟಾರ್.