ಸ್ಟಿಕರೋ ಸುಣ್ಣವೋ, ಪಾಲಿಯೆಸ್ಟರೋ ಇಳಕಲ್ ಸೀರೆಯೋ: ಧಾರವಾಡದ ಬಾಡಿಗೆ ಮನೆಯಲ್ಲಿ ಒಂದು ವರ್ಷದ ಹೋಲಿಕೆ

ಕಳೆದ ವರ್ಷದ ಏಪ್ರಿಲ್‌ನಲ್ಲಿ ಧಾರವಾಡದ ಮಾಳಮಡ್ಡಿಯ ಹಳೆಯ ಹಂಚಿನ ಮನೆಯೊಂದನ್ನು ಬಾಡಿಗೆಗೆ ಹಿಡಿದಾಗ, ಮುಂಗಡವನ್ನೂ ಟೆಂಪೊ ಬಾಡಿಗೆಯನ್ನೂ ಕಳೆದು ಮನೆಯನ್ನು ಅಂದಗೊಳಿಸಲು ನನ್ನ ಕೈಯಲ್ಲಿ ಉಳಿದದ್ದು 6,000 ರೂಪಾಯಿ. ಪ್ರತಿಯೊಂದು ಕೆಲಸಕ್ಕೂ ಎರಡು ದಾರಿಗಳಿದ್ದವು. ಹುಬ್ಬಳ್ಳಿಯ ದುರ್ಗದಬೈಲಿನಿಂದಲೋ ಮೊಬೈಲಿನಲ್ಲಿ ಆರ್ಡರ್ ಮಾಡಿಯೋ ತರುವ ಸಿದ್ಧ ವಸ್ತು ಒಂದು. ನಮ್ಮ ಕಡೆ ಮೊದಲಿನಿಂದ ರೂಢಿಯಲ್ಲಿದ್ದು ಈಗ ಅವ್ವನ ಟ್ರಂಕಿನ ತಳ ಸೇರಿರುವ ಸಾಮಗ್ರಿ ಇನ್ನೊಂದು. ಯಾವುದು ಮೇಲೆಂದು ಊಹಿಸುತ್ತ ಕೂರದೆ ಎರಡನ್ನೂ ಒಂದೇ ಸೂರಿನಡಿ ಹಾಕಿ, ಬೇಸಿಗೆ, ಮಳೆಗಾಲ, ಚಳಿಗಾಲಗಳನ್ನು ದಾಟಿಸಿ ನೋಡಿದೆ. ಇಲ್ಲಿ ಹೇಳುವ ಬೆಲೆಗಳು ನಾನು ಕೊಟ್ಟವು. ಚೌಕಾಶಿ ಬಲ್ಲವರಿಗೆ ಇನ್ನೂ ಕಡಿಮೆಯಾದೀತು.

ಮೊದಲು ಗೋಡೆ. ಪಡಸಾಲೆಯ ಒಂದು ಗೋಡೆಗೆ ಇಟ್ಟಿಗೆಯ ಚಿತ್ರವಿರುವ ಪಿವಿಸಿ ಸ್ಟಿಕರ್ ಅಂಟಿಸಿದೆ. 45 ಸೆಂಟಿಮೀಟರ್ ಅಗಲ, 10 ಮೀಟರ್ ಉದ್ದದ ಎರಡು ಸುರುಳಿಗಳಿಗೆ 760 ರೂಪಾಯಿ ಬಿತ್ತು. ಹತ್ತು ಅಡಿ ಉದ್ದ, ಒಂಬತ್ತು ಅಡಿ ಎತ್ತರದ ಗೋಡೆಗೆ ಅದು ಹೆಚ್ಚುಕಡಿಮೆ ಸರಿಹೋಯಿತು. ಒಂದು ಮಧ್ಯಾಹ್ನದಲ್ಲಿ ಕೆಲಸ ಮುಗಿದು, ಸಂಜೆ ಬಂದ ಅತಿಥಿಗಳೆಲ್ಲ ಆ ಗೋಡೆಯ ಮುಂದೆಯೇ ನಿಂತು ಫೋಟೊ ತೆಗೆಸಿಕೊಂಡರು. ಮಲಗುವ ಕೋಣೆಗೆ ಸುಣ್ಣ ಬಳಿಯುವುದೆಂದು ನಿರ್ಧರಿಸಿ ಐದು ಕಿಲೋ ಸುಟ್ಟ ಸುಣ್ಣದ ಹರಳು, ಅಂಟು, ನೀಲಿ, ಒಂದು ಅಗಲವಾದ ಬ್ರಷ್ ತಂದೆ. ಎಲ್ಲ ಸೇರಿ 310 ರೂಪಾಯಿ. ಹಣದಲ್ಲಿ ಅರ್ಧಕ್ಕಿಂತ ಕಡಿಮೆ, ಶ್ರಮದಲ್ಲಿ ನಾಲ್ಕು ಪಟ್ಟು.

ಸುಣ್ಣದ ಕೆಲಸವನ್ನು ಎಂದೂ ಮಾಡದವರಿಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಹರಳಿನ ಮೇಲೆ ನೀರು ಸುರಿಯಬಾರದು, ನೀರಿಗೆ ಹರಳನ್ನು ಸ್ವಲ್ಪಸ್ವಲ್ಪವಾಗಿ ಹಾಕಬೇಕು. ಅದು ಕೊತಕೊತ ಕುದಿಯುವುದರಿಂದ ಪ್ಲಾಸ್ಟಿಕ್ ಬಕೆಟ್ಟು ಕೂಡದು, ಕಬ್ಬಿಣದ್ದೇ ಬೇಕು, ಕಣ್ಣಿಗೆ ಕನ್ನಡಕ ಮತ್ತು ಕೈಗೆ ಗವಸು ಇರಲೇಬೇಕು. ಒಂದು ರಾತ್ರಿ ನೆನೆದ ಮೇಲೆ ಹಳೆಯ ಧೋತರದ ಬಟ್ಟೆಯಲ್ಲಿ ಸೋಸಿ, ಹಾಲಿನಷ್ಟು ತೆಳ್ಳಗೆ ಮಾಡಿ, ಗೋಡೆಗೆ ನೀರು ಚಿಮುಕಿಸಿ ಬಳಿಯಬೇಕು. ಮೊದಲ ಕೈ ಬಳಿದಾಗ ಏನೂ ಕಾಣುವುದಿಲ್ಲ. ನಾನು ನೀರು ಹೆಚ್ಚಾಯಿತೆಂದು ತಿಳಿದು ದಪ್ಪ ಮಾಡಲು ಹೊರಟಿದ್ದೆ. ಒಣಗುತ್ತ ಒಣಗುತ್ತ ಬೆಳ್ಳಗಾಗುವುದು ಅದರ ಗುಣ, ಏಕೆಂದರೆ ಸುಣ್ಣವು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿ ಮತ್ತೆ ಕಲ್ಲಿನ ರೂಪಕ್ಕೆ ತಿರುಗುತ್ತದೆ. ತೆಳ್ಳಗೆ ಮೂರು ಕೈ ಹೊಡೆದ ಮೇಲೆ ಕೋಣೆಗೆ ಬಂದ ಬೆಳಕನ್ನು ಯಾವ ಬಣ್ಣದ ಡಬ್ಬಿಯೂ ಕೊಡಲಾರದು. ಕೆಳಗಡೆ ಎರಡು ಅಡಿ ಎತ್ತರಕ್ಕೆ ಕೆಮ್ಮಣ್ಣನ್ನು ಅದೇ ಸುಣ್ಣದ ನೀರಿನಲ್ಲಿ ಕಲಸಿ ಪಟ್ಟಿ ಎಳೆದೆ. ಸುಣ್ಣದ ಖಾರಕ್ಕೆ ಅನೇಕ ಬಣ್ಣಗಳು ಮಾಸಿಹೋದರೂ ಕೆಮ್ಮಣ್ಣು, ಹಳದಿ ಮಣ್ಣುಗಳ ಬಣ್ಣ ಜಗ್ಗುವುದಿಲ್ಲ.

ಜೂನ್ ಬಂದ ಮೇಲೆ ನಿಜವಾದ ಪರೀಕ್ಷೆ ಶುರುವಾಯಿತು. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಹಳೆಯ ಗೋಡೆಗಳು ನೆಲದಿಂದ ನೀರನ್ನು ಮೇಲಕ್ಕೆಳೆಯುತ್ತವೆ, ಮತ್ತು ಆ ತೇವ ಹೊರಹೋಗಲು ಗೋಡೆಯ ಮೈ ತೆರೆದಿರಬೇಕು. ಸ್ಟಿಕರಿನ ಹಿಂದೆ ಅದಕ್ಕೆ ದಾರಿಯೇ ಇರಲಿಲ್ಲ. ಜುಲೈ ಮಧ್ಯದಲ್ಲಿ ಕೆಳಗಿನ ಅಂಚು ಉಬ್ಬಿತು, ಆಗಸ್ಟಿನಲ್ಲಿ ಜೋಡಣೆಗಳು ಬಾಯಿ ಬಿಟ್ಟವು, ಒಂದು ಮೂಲೆ ಎತ್ತಿ ನೋಡಿದರೆ ಹಿಂಬದಿಯೆಲ್ಲ ಕಪ್ಪು ಬೂಸು. ಪಕ್ಕದ ಮನೆಯ ಅಜ್ಜಿ ಇಣುಕಿ ನೋಡಿ, “ಗ್ವಾಡಿಗೆ ಪ್ಲಾಸ್ಟಿಕ್ ಅಂಗಿ ತೊಡಿಸಿದ್ರ ಅದು ಬೆವರೂದಿಲ್ಲೇನವಾ?” ಎಂದರು. ಕಿತ್ತಾಗ ಸ್ಟಿಕರಿನ ಜೊತೆಗೆ ಹಳೆಯ ಬಣ್ಣದ ಹಕ್ಕಳೆಗಳೂ ಬಂದವು. ಮನೆಯ ಮಾಲಕರ ಮುಂದೆ ತಲೆ ತಗ್ಗಿಸಬೇಕಾಯಿತು. ಸುಣ್ಣದ ಕೋಣೆಯಲ್ಲಿ ಒಂದೆರಡು ಕಡೆ ನೀರಿನ ಕಲೆ ಬಿತ್ತೇ ಹೊರತು ಬೂಸು ಹಿಡಿಯಲಿಲ್ಲ.

ಹಾಗೆಂದು ಸುಣ್ಣಕ್ಕೆ ಪೂರ್ತಿ ಅಂಕ ಕೊಡಲಾರೆ. ಒರಗಿ ಕುಳಿತರೆ ಬೆನ್ನಿಗೆ ಬಿಳಿ ಹತ್ತುತ್ತದೆ. ಎಣ್ಣೆಬಣ್ಣ ಬಳಿದ ಜಾಗದ ಮೇಲೆ ಅದು ನಿಲ್ಲುವುದೇ ಇಲ್ಲ. ಬಾಗಿಲ ಪಕ್ಕದಲ್ಲಿ ಯಾರೋ ಹಿಂದೆ ಹಚ್ಚಿದ್ದ ಒಂದು ಗೇಣು ಎಣ್ಣೆಬಣ್ಣದ ಮೇಲಿನ ಸುಣ್ಣ ತಿಂಗಳೊಳಗೆ ಸಿಪ್ಪೆಯಂತೆ ಉದುರಿತು. ಹೊಸ ಅಪಾರ್ಟ್‌ಮೆಂಟುಗಳ ನುಣುಪಾದ ಗೋಡೆಗೆ ಸುಣ್ಣದ ಗೊಡವೆ ಬೇಡ, ಅಲ್ಲಿ ಡಿಸ್ಟೆಂಪರೇ ಸರಿ.

ಪರದೆಗಳ ವಿಷಯದಲ್ಲಿ ತೀರ್ಪು ಅಷ್ಟು ಸುಲಭವಾಗಿರಲಿಲ್ಲ. ಸಿದ್ಧ ಪಾಲಿಯೆಸ್ಟರ್ ಪರದೆಯ ಜೋಡಿಗೆ 850 ರೂಪಾಯಿ ಕೊಟ್ಟೆ. ಅದಕ್ಕೆದುರಾಗಿ ಅವ್ವ ಉಡುವುದನ್ನು ಬಿಟ್ಟಿದ್ದ, ಹತ್ತಿಯ ಒಡಲಿನ ಒಂದು ಹಳೆಯ ಇಳಕಲ್ ಸೀರೆ. ಹೊಲಿಗೆಗೆ 160 ರೂಪಾಯಿ. ಪಶ್ಚಿಮದ ಕಿಟಕಿಯ ಒಂದು ಬದಿಗೆ ಪಾಲಿಯೆಸ್ಟರ್, ಇನ್ನೊಂದು ಬದಿಗೆ ಸೀರೆ. ಅಡುಗೆಮನೆಯ ಬಾಗಿಲಿಗೂ ಹಾಗೆಯೇ ಒಂದೊಂದು, ತಿಂಗಳಿಗೊಮ್ಮೆ ಬದಲಿಸಿ.

ಸೀರೆಯನ್ನು ಕತ್ತರಿಸುವಾಗಲೇ ಒಂದು ತಪ್ಪು ಮಾಡಿದೆ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸನ್ನೂ (ಮಗ್ಗದಲ್ಲಿ ಉದ್ದಕ್ಕೆ ಹೂಡುವ ಎಳೆಗಳು) ಸೆರಗಿನ ಹಾಸನ್ನೂ ಎಳೆಗೆ ಎಳೆ ಕುಣಿಕೆ ಹಾಕಿ ಕೂಡಿಸಿ ನೇಯುತ್ತಾರೆ. ದೀಪಕ್ಕೆ ಹಿಡಿದರೆ ಕಡುನೀಲಿ ಮುಗಿದು ಕೆಂಪು ಶುರುವಾಗುವಲ್ಲಿ ಸಾಲಾಗಿ ಸಣ್ಣ ಸಣ್ಣ ಗಂಟುಗಳಂಥ ಕುಣಿಕೆಗಳು ಕಾಣುತ್ತವೆ. ಸೆರಗನ್ನು ಬೇರೆ ಮಾಡಿ ದಿಂಬಿನ ಚೀಲ ಹೊಲಿಸುವ ಆಸೆಯಿಂದ ನಾನು ಸರಿಯಾಗಿ ಆ ಕುಣಿಕೆಯ ಸಾಲಿಗೇ ಕತ್ತರಿ ಇಟ್ಟೆ. ದರ್ಜಿಯ ಬಳಿ ಒಯ್ಯುವಷ್ಟರಲ್ಲಿ ಅಂಚಿನ ಎಳೆಗಳು ಬಿಚ್ಚಿಕೊಂಡು ಜಾಲರಿಯಾಗಿದ್ದವು. “ಸೆರಗಿನ ನಾಕು ಬೆರಳು ಒಡಲಿಗೆ ಬಿಟ್ಟು ಹರೀಬೇಕಿತ್ತ್ರಿ ಅಕ್ಕಾರ” ಎಂದು ಆತ ಎರಡು ಬೆರಳಷ್ಟು ಮಡಿಚಿ ಹೊಲಿದು ಕೊಟ್ಟ.

ಅಡುಗೆಮನೆಯ ಬಾಗಿಲಲ್ಲಿ ಸೀರೆಗೆ ಸಾಟಿಯಿಲ್ಲ. ಅದು ತೂಕದಿಂದ ನೇರವಾಗಿ ಇಳಿಬೀಳುತ್ತದೆ, ಅದರ ದಡಿಯೇ ಅಲಂಕಾರವಾಗುವುದರಿಂದ ಬೇರೆ ಜಾಲರಿ, ಗೊಂಡೆಗಳ ಅಗತ್ಯವಿಲ್ಲ. ಸೀರೆಯ ಅಗಲ ಸುಮಾರು 45 ಇಂಚು ಇರುವುದರಿಂದ ಮೂರು ಅಡಿಯ ಬಾಗಿಲಿಗೆ ನೆರಿಗೆಯೂ ಸಾಕಷ್ಟು ಬೀಳುತ್ತದೆ. ಆದರೆ ಪಶ್ಚಿಮದ ಕಿಟಕಿಯಲ್ಲಿ ಅದು ಸೋತಿತು. ಏಪ್ರಿಲ್, ಮೇ ತಿಂಗಳ ಇಳಿಬಿಸಿಲಿಗೆ ನೀಲಿ ಮಂಕಾಯಿತು, ಸೆರಗಿನ ರೇಷ್ಮೆಯಂತೂ ಬಿಸಿಲಿಗೆ ಬೇಗ ಜೀರ್ಣವಾಗುವ ನೂಲು. ಮಳೆಗಾಲದಲ್ಲಿ ಒಗೆದು ಹಾಕಿದರೆ ಹತ್ತಿ ಎರಡು ದಿನ ಒಣಗದೆ ಮುಗ್ಗುಲು ವಾಸನೆ ಹಿಡಿಯಿತು. ಪಾಲಿಯೆಸ್ಟರ್ ಬೆಳಿಗ್ಗೆ ಒಗೆದರೆ ಮಧ್ಯಾಹ್ನಕ್ಕೆ ರಾಡಿಗೆ ಏರುತ್ತಿತ್ತು. ಹೀಗಾಗಿ ಸೆಪ್ಟೆಂಬರಿನಿಂದ ಬಿಸಿಲಿನ ಕಿಟಕಿಗೆ ಪಾಲಿಯೆಸ್ಟರ್, ಒಳಬಾಗಿಲುಗಳಿಗೆ ಸೀರೆ ಎಂದು ಗೊತ್ತುಮಾಡಿದ್ದೇನೆ. ಅವ್ವನಿಗೆ ಈ ತೀರ್ಮಾನ ಪೂರ್ತಿ ಒಪ್ಪಿಗೆಯಿಲ್ಲ. ಸೀರೆಯನ್ನು ಹರಿದದ್ದೇ ಆಕೆಗೆ ಒಪ್ಪಿಗೆಯಿರಲಿಲ್ಲ.

ನೆಲದ ಹಾಸಿನಲ್ಲಿ ಹಣದ ಲೆಕ್ಕ ಮೋಸ ಮಾಡುತ್ತದೆ. ನವಲಗುಂದದ ಜಮಖಾನವನ್ನು ಹೆಣ್ಣುಮಕ್ಕಳು ಕೈಮಗ್ಗದಲ್ಲಿ ನೇಯುತ್ತಾರೆ, ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ಇದೆ. ಹೊಸದರ ಬೆಲೆ ನನ್ನ ಮಿತಿಯನ್ನು ಮೀರಿತ್ತು. ಆದ್ದರಿಂದ 1,150 ರೂಪಾಯಿಯ ಸಿಂಥೆಟಿಕ್ ಕಾರ್ಪೆಟ್ ತಂದು, ಹೋಲಿಕೆಗೆಂದು ತವರಿನಿಂದ ಹಳೆಯ ಜಮಖಾನವೊಂದನ್ನು ಕೇಳಿ ತಂದೆ. ಕಾರ್ಪೆಟ್ಟಿನ ತಳದಲ್ಲಿದ್ದ ಫೋಮು ಮಳೆಗಾಲದಲ್ಲಿ ತೇವ ಹೀರಿ ನೆಲಕ್ಕೆ ಅಂಟಿಕೊಂಡಿತು. ಜಮಖಾನವನ್ನು ಮಗುಚಿ ಎರಡೂ ಬದಿ ಬಳಸಬಹುದು, ಕಟ್ಟೆಯ ಮೇಲೆ ಕೊಡವಿದರೆ ಧೂಳು ಬಿಟ್ಟುಕೊಡುತ್ತದೆ; ನನಗಿಂತ ಹಿರಿದಾದ ಆ ಹಾಸಿನ ನಡುವಿನ ನವಿಲುಗಳು ಇಂದಿಗೂ ಬಣ್ಣಗೆಟ್ಟಿಲ್ಲ. ಮನೆಯಲ್ಲಿ ಹಳೆಯದು ಇಲ್ಲದವರು ಆ 1,150 ರೂಪಾಯಿಯನ್ನು ಹಾಗೆಯೇ ಕೂಡಿಡುವುದು ಮೇಲು, ಅಲ್ಲಿಯತನಕ ಚಾಪೆ ಸಾಕು. ದಿವಾನಿನ ಹೊದಿಕೆಗೆ ಎರಡನೆಯ ಯೋಚನೆಯೇ ಬೇಕಾಗಲಿಲ್ಲ: ಉಳಿದ ಹಳೆಯ ಸೀರೆಗಳನ್ನು ಕೊಟ್ಟು, 700 ರೂಪಾಯಿ ಕೂಲಿಗೆ ಹೊಲಿಸಿದ ಕೌದಿಯೇ ಪಡಸಾಲೆಯಲ್ಲಿ ಮೊದಲು ಕಣ್ಣಿಗೆ ಬೀಳುವ ವಸ್ತು.

ಗೋಡೆಗೆ ತೂಗುಹಾಕಲು 600 ರೂಪಾಯಿಗೆ ಮೂರು ಹಲಗೆಗಳ ಮುದ್ರಿತ ಚಿತ್ರವೊಂದು ಬಂದಿತ್ತು. ಅದೇ ಚಿತ್ರವನ್ನು ಅದೇ ತಿಂಗಳು ಇನ್ನೆರಡು ಮನೆಗಳಲ್ಲಿ ನೋಡಿದ ಮೇಲೆ ಉತ್ಸಾಹ ಇಳಿಯಿತು. ಇನ್ನೊಂದು ಕಡೆ, ಚಿಗವ್ವನ ಹರಿದ ಸೆರಗಿನಲ್ಲಿದ್ದ ಕಸೂತಿಯ ಗೋಪುರದ ತುಂಡಿಗೆ 350 ರೂಪಾಯಿಯಲ್ಲಿ ಚೌಕಟ್ಟು ಹಾಕಿಸಿದೆ. ಕಸೂತಿಯ ಒಂದು ಬಗೆಯಾದ ಗವಂತಿ ಹೊಲಿಗೆಯಲ್ಲಿ ಗಂಟು ಹಾಕುವುದಿಲ್ಲ, ಮುಂದೆ ಬಂದ ಗೆರೆಯೇ ಹಿಂದೆಯೂ ಬರುತ್ತದೆ. ಹಾಗಾಗಿ ಎರಡೂ ಬದಿಗೆ ಗಾಜು ಹಾಕಿಸಿ ಅದನ್ನು ಕಿಟಕಿಯಿಂದ ದೂರ, ನಡುಬಾಗಿಲ ಮೇಲೆ ನೇತುಹಾಕಿದ್ದೇನೆ. ಮಷೀನ್ ಕಸೂತಿಯನ್ನು ತಿರುವಿ ನೋಡಿದರೆ ಹಿಂದೆ ದಾರಗಳ ಗೋಜಲು ಕಾಣುತ್ತದೆ, ಕೊಳ್ಳುವಾಗ ಇದನ್ನು ನೋಡಬೇಕು. 240 ರೂಪಾಯಿಗೆ ಕೊಂಡ ಎರಡು ಖಣಗಳನ್ನು, ಅಂದರೆ ಕುಪ್ಪಸದ ಬಟ್ಟೆಯ ತುಂಡುಗಳನ್ನು, ದಿಂಬಿನ ಚೀಲ ಮಾಡಿದೆ. ಚೆಂದವಾದರೂ ಒಗೆತಕ್ಕೆ ಬಣ್ಣ ಬಿಟ್ಟವು.

ದೀಪಕ್ಕೆ 400 ರೂಪಾಯಿಯಲ್ಲಿ ಹಳದಿ ಬೆಳಕಿನ ಎಲ್‌ಇಡಿ ಬಲ್ಬುಗಳು ಸಾಕಾದವು, ಮಿಣುಕು ದೀಪದ ಸರ ದೀಪಾವಳಿಗೇ ಇರಲಿ. ಪ್ಲಾಸ್ಟಿಕ್ ಹೂವಿನ ಮೇಲೆ ಕೂತ ಧೂಳನ್ನು ಒರೆಸುವ ಹೊತ್ತಿನಲ್ಲಿ ಬಾಟಲಿಯ ಮನಿಪ್ಲಾಂಟಿಗೆ ಹತ್ತು ಸಲ ನೀರು ಬದಲಿಸಬಹುದು.

ಒಟ್ಟು ಖರ್ಚು 5,520 ರೂಪಾಯಿ. ಅದರಲ್ಲಿ ಸ್ಟಿಕರು, ಕಾರ್ಪೆಟ್ಟು, ಮುದ್ರಿತ ಚಿತ್ರ ಸೇರಿ 2,510 ರೂಪಾಯಿಯನ್ನು ನೀರಿಗೆ ಹಾಕಿದಂತಾಯಿತು ಎಂದು ಬರೆಯಲು ಹೊರಟಿದ್ದೆ, ಆದರೆ ಸ್ಟಿಕರಿನ ಮೇಲ್ಭಾಗದ ಚೊಕ್ಕ ತುಂಡುಗಳನ್ನು ಅಡುಗೆಮನೆಯ ಫಳಿಗಳಿಗೆ ಹಾಸಿ ಆರು ತಿಂಗಳಾದರೂ ಒಂದೂ ಮೇಲೇಳಲಿಲ್ಲ; ಎಣ್ಣೆಯ ಡಬ್ಬಿಯ ಕಲೆ ಒದ್ದೆ ಬಟ್ಟೆಗೆ ಹೋಗುತ್ತದೆ. ಪಡಸಾಲೆಯ ಆ ಗೋಡೆಯನ್ನು ಕೆರೆದು ಈ ಬೇಸಿಗೆಯಲ್ಲಿ ಸುಣ್ಣ ಬಳಿಯಲು ಮಾಲಕರ ಒಪ್ಪಿಗೆ ಪಡೆದಿದ್ದೇನೆ. ಹರಳಿನ ಖರ್ಚು ತಾವೇ ಕೊಡುತ್ತೇವೆ, ಕೆಮ್ಮಣ್ಣಿನ ಪಟ್ಟಿಯನ್ನು ಮಾತ್ರ ಹೊರಗಿನ ಕಟ್ಟೆಯತನಕ ಎಳೆಯಬೇಕು ಎಂದು ಅವರು ಕೇಳಿದ್ದಾರೆ.