ಕಾರ್ಡೂನ್, ಹರಿವೆ, ಕೆಸು: ದಂಟಿಗಾಗಿ ಬೆಳೆದ ಮೂರು ಗಿಡಗಳು

ದಂಟನ್ನು ತರಕಾರಿಯಾಗಿ ಉಣ್ಣುವ ರೂಢಿ ನಮ್ಮ ಕರಾವಳಿಗೆ ಹೊಸತೇನಲ್ಲ. ಭೂಮಧ್ಯ ಸಮುದ್ರದ ಸುತ್ತಲಿನ ಜನರು ಚಳಿಗಾಲದಲ್ಲಿ ಬೇಯಿಸಿ ತಿನ್ನುವ ಕಾರ್ಡೂನ್ ಎಂಬ ಗಿಡದ ಬೀಜ ಅಂಚೆಯಲ್ಲಿ ತರಿಸಲು ಸಿಗುತ್ತದೆಂದು ತಿಳಿದಾಗ, ಅದನ್ನು ಉಡುಪಿ ಬಳಿಯ ಕಲ್ಯಾಣಪುರದ ನಮ್ಮ ಹಿತ್ತಿಲಿನಲ್ಲಿ ಹರಿವೆ ಮತ್ತು ಕೆಸುವಿನ ಪಕ್ಕದಲ್ಲಿಯೇ ಬೆಳೆಸಿ, ಮೂರರಲ್ಲಿ ಯಾವುದು ಅಡುಗೆಮನೆಗೆ ಹೆಚ್ಚು ಒದಗುತ್ತದೆ ಎಂದು ನೋಡುವ ಆಸೆಯಾಯಿತು. ಹರಿವೆಯಲ್ಲಿ ನಾವು ತಿನ್ನುವುದು ಕಾಂಡವನ್ನು, ಉಳಿದೆರಡರಲ್ಲಿ ಎಲೆಯ ತೊಟ್ಟನ್ನು. ಆದರೆ ಸಾರಿಗೆ ಬಿದ್ದ ಮೇಲೆ ಎಲ್ಲವೂ ದಂಟೇ.

ಕಾರ್ಡೂನ್ ಸೂರ್ಯಕಾಂತಿಯ ಕುಟುಂಬಕ್ಕೆ ಸೇರಿದ್ದು. ಪೇಟೆಯ ದೊಡ್ಡ ಅಂಗಡಿಗಳಲ್ಲಿ ಅಪರೂಪಕ್ಕೆ ಕಾಣಿಸುವ ಆರ್ಟಿಚೋಕ್ ಮೊಗ್ಗು ಇದೇ ಪ್ರಭೇದದ ಇನ್ನೊಂದು ರೂಪ. ಮಳೆ ಹಿಂದೆ ಸರಿದ ಅಕ್ಟೋಬರ್ ತಿಂಗಳಿನಲ್ಲಿ ಹನ್ನೆರಡು ಬೀಜಗಳನ್ನು ಸುಡುಮಣ್ಣು ಮತ್ತು ಹಟ್ಟಿಗೊಬ್ಬರ ಬೆರೆಸಿದ ಚೀಲಗಳಲ್ಲಿ ಊರಿದೆ. ಎರಡು ವಾರಗಳೊಳಗೆ ಒಂಬತ್ತು ಮೊಳೆತವು. ಇದರ ತಾಯಿಬೇರು ಆಳಕ್ಕೆ ಇಳಿಯುವುದರಿಂದ ಮುರಕಲ್ಲಿನ ನೆಲದಲ್ಲಿ ಎರಡು ಅಡಿ ಗುಂಡಿ ತೋಡಿ, ಮೂರು ಅಡಿಗೊಂದರಂತೆ ನೆಡಬೇಕಾಯಿತು. ಹಾರೆ ಹಿಡಿದ ಆ ಎರಡು ದಿನಗಳ ಬೆನ್ನುನೋವನ್ನು ಹೋಲಿಕೆಯಲ್ಲಿ ಲೆಕ್ಕಕ್ಕೆ ಹಿಡಿಯದಿದ್ದರೆ ಅದು ಅನ್ಯಾಯವಾದೀತು. ಡಿಸೆಂಬರ್, ಜನವರಿಗಳಲ್ಲಿ ಬೂದಿಬಣ್ಣದ ಸೀಳೆಲೆಗಳು ಚೆನ್ನಾಗಿಯೇ ಹರಡಿಕೊಂಡವು. ತರಕಾರಿಗಿಂತಲೂ ಅಂಗಳದ ಅಲಂಕಾರಕ್ಕೆ ಹೆಚ್ಚು ಒಪ್ಪುವ ಗಿಡವೆಂದು ಬಂದವರೆಲ್ಲ ಹೇಳಿದರು.

ಆದರೆ ಈ ದಂಟನ್ನು ಕೊಯ್ದ ಹಾಗೆಯೇ ಬೇಯಿಸುವಂತಿಲ್ಲ. ಕೊಯ್ಲಿಗೆ ಮೂರು-ನಾಲ್ಕು ವಾರ ಮೊದಲು ಎಲೆಗಳನ್ನೆಲ್ಲ ಒಟ್ಟುಗೂಡಿಸಿ ಕಟ್ಟಿ, ಬೆಳಕು ತಾಗದಂತೆ ಸುತ್ತಬೇಕು. ಹಾಗೆ ಮಾಡಿದರೆ ದಂಟು ಬಿಳುಪೇರಿ, ಮೆತ್ತಗಾಗಿ, ಕಹಿ ತಗ್ಗುತ್ತದೆ. ನಾನು ಅಡಿಕೆಯ ಹಾಳೆಯನ್ನು ಸುತ್ತಿ ಬಾಳೆನಾರಿನಿಂದ ಬಿಗಿದೆ. ಫೆಬ್ರವರಿಯ ಸೆಕೆಯಲ್ಲಿ ಒಳಗೆ ಕಟ್ಟಿಕೊಂಡ ತೇವಕ್ಕೆ ಎರಡು ಗಿಡಗಳು ಕೊಳೆತುಹೋದವು. ಮೂರನ್ನು ಮಳೆಗಾಲದ ಪರೀಕ್ಷೆಗೆಂದು ಕಟ್ಟದೆ ಬಿಟ್ಟಿದ್ದರಿಂದ ಕೊಯ್ಲಿಗೆ ಸಿಕ್ಕಿದ್ದು ನಾಲ್ಕು. ಅವುಗಳ ಅಂಚಿನ ಮುಳ್ಳು ಸವರಿ, ನಾರು ಎಳೆದು ತೆಗೆದ ಮೇಲೆ ಉಳಿದದ್ದು ಒಂದು ಹೊತ್ತಿನ ಪಲ್ಯಕ್ಕೆ ಸಾಕಾಗುವಷ್ಟು. ಹೆಚ್ಚಿದ ಹೋಳುಗಳು ಬಾಳೆಹೂವಿನಂತೆಯೇ ಕಪ್ಪಾಗುವುದರಿಂದ ಲಿಂಬೆರಸ ಹಿಂಡಿದ ನೀರಿಗೆ ಹಾಕಿಡಬೇಕು, ಬಳಿಕ ಉಪ್ಪುನೀರಿನಲ್ಲಿ ಬೇಯಿಸಿ ಬಸಿಯಬೇಕು. ತೆಂಗಿನತುರಿ ಹಾಕಿದ ಪಲ್ಯದಲ್ಲಿ ಹಾಗಲದ ನೆರಳಿನಂಥ ಕಹಿಯೊಂದು ಉಳಿದು, ಮನೆಯವರ ಮುಖ ಸ್ವಲ್ಪ ಗಂಟಿಕ್ಕಿತು. ಅದೇ ಬೇಯಿಸಿದ ಹೋಳನ್ನು ಕಡಲೆಹಿಟ್ಟಿನಲ್ಲಿ ಅದ್ದಿ ಪೋಡಿ ಕರಿದಾಗ ಮಾತ್ರ ತಟ್ಟೆ ಬೇಗ ಖಾಲಿಯಾಯಿತು. ಇಟಲಿಯಲ್ಲಿಯೂ ಇದನ್ನು ಹಿಟ್ಟಿನಲ್ಲಿ ಅದ್ದಿ ಕರಿಯುವುದುಂಟು. ರುಚಿಯ ಬುದ್ಧಿ ಎಲ್ಲ ಕಡೆ ಒಂದೇ ದಾರಿ ಹಿಡಿಯುತ್ತದೆಯೋ ಏನೋ.

ಪೋರ್ಚುಗಲ್ ಮತ್ತು ಸ್ಪೇನ್ ದೇಶಗಳಲ್ಲಿ ಇದರ ನೇರಳೆ ಹೂವನ್ನು ನೀರಿನಲ್ಲಿ ನೆನೆಸಿ, ಆ ರಸದಿಂದ ಕುರಿಯ ಹಾಲನ್ನು ಒಡೆಸಿ ಗಿಣ್ಣು, ಅಂದರೆ ಚೀಸ್, ಮಾಡುತ್ತಾರೆ. ಇದನ್ನು ಪರೀಕ್ಷಿಸುವ ಅವಕಾಶ ನನಗೆ ಒದಗಲಿಲ್ಲ, ಏಕೆಂದರೆ ಒಂದು ಗಿಡವೂ ಹೂ ಬಿಡಲಿಲ್ಲ. ಹೂವಿಗೆ ಮೊದಲು ಅದಕ್ಕೆ ಒಂದಷ್ಟು ಕಾಲ ಚಳಿ ತಾಗಬೇಕು, ಉಡುಪಿಯಲ್ಲಿ ಅಂಥ ಚಳಿ ಎಲ್ಲಿಂದ ಬರಬೇಕು? ಕಟ್ಟದೆ ಬಿಟ್ಟ ಮೂರು ಗಿಡಗಳ ಬುಡ ಜೂನ್ ಎರಡನೆಯ ವಾರದ ಮಳೆಗೇ ಕೊಳೆಯಿತು. ತನ್ನ ನಾಡಿನಲ್ಲಿ ಇದು ವರ್ಷಗಟ್ಟಲೆ ಬಾಳುವ ಗಿಡ. ಆದರೆ ಅಲ್ಲಿ ಮಳೆ ಬರುವುದು ಚಳಿಗಾಲದಲ್ಲಿ, ಬೇಸಗೆ ಒಣಗಿರುತ್ತದೆ. ಸೆಕೆ ಮತ್ತು ಜಡಿಮಳೆ ಜೊತೆಯಾಗಿ ಬರುವ ನಮ್ಮ ಋತುಮಾನ ಅದರ ಬೇರಿಗೆ ಪರಿಚಯವಿಲ್ಲ.

ಹರಿವೆಯದು ಬೇರೆಯೇ ಲೆಕ್ಕ. ಅದೇ ಅಕ್ಟೋಬರ್‌ನಲ್ಲಿ ಬೀಜವನ್ನು ಮರಳಿನೊಂದಿಗೆ ಬೆರೆಸಿ ಎರಚಿದ್ದು ನಾಲ್ಕೇ ದಿನಗಳಲ್ಲಿ ಮೊಳೆಯಿತು. ತಿಂಗಳಿಗೆ ಎಲೆ, ಎರಡು-ಎರಡೂವರೆ ತಿಂಗಳಿಗೆ ಹೆಬ್ಬೆರಳು ದಪ್ಪದ ದಂಟು. ಕಟ್ಟುವ, ಸುತ್ತುವ, ಬಸಿಯುವ ಕೆಲಸ ಯಾವುದೂ ಇಲ್ಲ. ಹಲಸಿನ ಬೀಜದೊಂದಿಗೆ ಹುಳಿ ಮಾಡಿ, ದಂಟನ್ನು ಜಗಿದು ರಸ ಹೀರಿ, ನಾರನ್ನು ಎಲೆಯ ಅಂಚಿಗೆ ಸರಿಸುವ ಸುಖಕ್ಕೆ ಕಾರ್ಡೂನ್ ಸಾಟಿಯಾಗಲಾರದು. ದೋಷವಿಲ್ಲವೆಂದಲ್ಲ: ಎಲೆಯ ಅಡಿಯಲ್ಲಿ ಬಿಳಿ ಚುಕ್ಕೆಗಳ ರೋಗ ಬೇಗ ಹಬ್ಬುತ್ತದೆ, ದಂಟು ಕೊರೆಯುವ ಹುಳುವೂ ಇದೆ, ಎಳೆಯ ಸಸಿಗಳು ಜಡಿಮಳೆಗೆ ನೆಲ ಹಿಡಿಯುತ್ತವೆ. ಕೊಯ್ಲನ್ನು ಒಂದು ವಾರ ಮುಂದೂಡಿದರೆ ದಂಟು ಕಟ್ಟಿಗೆಯಾಗುತ್ತದೆ.

ಹರಿವೆ ಸೋಲುವ ಮಳೆಗಾಲದಲ್ಲಿಯೇ ಕೆಸು, ತುಳುವಿನ ತೇವು, ಸೊಕ್ಕಿ ಬೆಳೆಯುತ್ತದೆ. ಬಚ್ಚಲಿನ ನೀರು ಹರಿಯುವ ಮೂಲೆಯಲ್ಲಿ ಎಂದೋ ಊರಿದ ನಾಲ್ಕು ಗೆಡ್ಡೆಗಳಿಗೆ ನಾನು ಗೊಬ್ಬರ ಹಾಕಿದ ನೆನಪಿಲ್ಲ. ಆದರೂ ಜಡಿಮಳೆಯ ಆಟಿ ತಿಂಗಳಿನಲ್ಲಿ (ಜುಲೈ-ಆಗಸ್ಟ್) ಎಲೆ ಪತ್ರೊಡೆಗೂ ದಂಟು ಹುಳಿಗೂ ಸಿಗುತ್ತದೆ. ನಿಜವಾದ ತೊಡಕು ತುರಿಕೆಯದು. ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳು ಅದಕ್ಕೆ ಕಾರಣ. ಆದ್ದರಿಂದ ಕೈಗೆ ತೆಂಗಿನೆಣ್ಣೆ ಹಚ್ಚಿಕೊಂಡು ಸಿಪ್ಪೆ ಸುಲಿಯಬೇಕು, ಹುಣಸೆಯನ್ನೋ ಅಂಬಟೆಯನ್ನೋ ಧಾರಾಳವಾಗಿ ಹಾಕಿ ಚೆನ್ನಾಗಿ ಬೇಯಿಸಬೇಕು. ನೆರೆಯ ಕೊಂಕಣಿ ಮನೆಯವರ ಆಳ್ವತಿ ಎಂಬ ಅಡುಗೆಯಲ್ಲಿ ಕೆಸುವಿಗೆ ಅಂಬಟೆ ಜೊತೆಯಾಗುವುದು ಬರಿಯ ರುಚಿಗಲ್ಲವೆಂದು ನನಗೆ ಅರ್ಥವಾದದ್ದು, ಹುಳಿ ಕಡಿಮೆ ಹಾಕಿ ಒಂದು ಮಧ್ಯಾಹ್ನವಿಡೀ ಗಂಟಲು ಕೆರೆದುಕೊಂಡ ಬಳಿಕ. ಸುಲಿದರೆ ಮತ್ತು ಬೆಂದರೆ ದಂಟು ಬಹಳ ಕುಗ್ಗುತ್ತದೆ; ಹತ್ತು ದಂಟು ಕೊಯ್ದರೂ ಪಾತ್ರೆಯ ತಳ ಕಾಣಿಸುತ್ತದೆ. ಆದರೆ ಹತ್ತು ಕೊಯ್ದ ಜಾಗದಲ್ಲಿ ಹದಿನೈದು ದಿನಗಳೊಳಗೆ ಮತ್ತೆ ಹೊಸ ಎಲೆಗಳು ಎದ್ದಿರುತ್ತವೆ.

ನಮ್ಮ ಹಿತ್ತಿಲಿನ ಮಟ್ಟಿಗೆ ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಹರಿವೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೆಸು ಎಂಬ ವ್ಯವಸ್ಥೆಯನ್ನೇ ಉಳಿಸಿಕೊಂಡಿದ್ದೇನೆ. ಕಾರ್ಡೂನನ್ನು ಮತ್ತೆ ಬೆಳೆಸುವುದಾದರೆ ಎರಡೇ ಗಿಡ, ಹಾಳೆಯ ಬದಲು ಗಾಳಿಯಾಡುವ ಗೋಣಿಯ ಸುತ್ತು, ಅದೂ ಜನವರಿಯಲ್ಲಿಯೇ. ಅದಕ್ಕಾಗಿ ತೋಡಿದ್ದ ಗುಂಡಿಗಳಲ್ಲಿ ಈಗ ಕೆಸುವನ್ನು ಊರಿದ್ದೇನೆ. ಅಷ್ಟು ಆಳದ ಸಡಿಲ ಮಣ್ಣು ಅದಕ್ಕೆ ಈ ಹಿಂದೆ ಎಂದೂ ಸಿಕ್ಕಿರಲಿಲ್ಲ.