ಕಲ್ಲಿದ್ದಲ ನಾಡಿನ ಬಾಲ್ಯವನ್ನು ಕಾಪಿಟ್ಟ ಬೀಮಿಷ್: ಒಂದು ವಿಮರ್ಶೆ

ಲಂಡನ್ನಿನಿಂದ ಎಡಿನ್‌ಬರೋಗೆ ಹೋಗುವ ರೈಲು ಡರ್ಹಮ್ ದಾಟುವಾಗ ಪ್ರವಾಸಿಗರ ಕಣ್ಣೆಲ್ಲ ಗುಡ್ಡದ ಮೇಲಿನ ಕೆಥೆಡ್ರಲ್ ಕಡೆಗೇ ಇರುತ್ತದೆ. ಅಲ್ಲಿಂದ ಉತ್ತರಕ್ಕೆ, ಚೆಸ್ಟರ್-ಲೆ-ಸ್ಟ್ರೀಟ್ ಮತ್ತು ಸ್ಟ್ಯಾನ್ಲಿ ಎಂಬ ಊರುಗಳ ನಡುವಿನ ಕಣಿವೆಯಲ್ಲಿ ಸುಮಾರು 350 ಎಕರೆಯಷ್ಟು ಹರಡಿಕೊಂಡಿರುವ ಬೀಮಿಷ್ ಬಯಲು ವಸ್ತುಸಂಗ್ರಹಾಲಯದ ಹೆಸರು ನಮ್ಮವರ ಪ್ರವಾಸಪಟ್ಟಿಯಲ್ಲಿ ಕಾಣುವುದು ಅಪರೂಪ. 2025ರಲ್ಲಿ ಬ್ರಿಟನ್ನಿನ ಆರ್ಟ್ ಫಂಡ್ ಸಂಸ್ಥೆ ನೀಡುವ ವರ್ಷದ ಮ್ಯೂಸಿಯಂ ಪ್ರಶಸ್ತಿ, 1,20,000 ಪೌಂಡ್‌ಗಳ ಬಹುಮಾನದೊಂದಿಗೆ, ಈ ಸಂಸ್ಥೆಗೆ ಸಂದಿತು. ಬ್ರಿಟನ್ನಿನ ಸಣ್ಣ ಊರುಗಳ ಚರಿತ್ರೆಯನ್ನೂ ಅಲ್ಲಿ ಬೆಳೆದವರ ಬಾಲ್ಯವನ್ನೂ ಒಟ್ಟಿಗೆ ನೋಡಬಯಸುವವರಿಗೆ ನಾನು ಮೊದಲು ಹೇಳುವ ಹೆಸರೂ ಇದೇ. ಆದರೆ ಫೋಟೋಗಳಲ್ಲಿ ಎದ್ದು ಕಾಣುವ ಟ್ರಾಮು, ಹೂವಿನ ಕುಂಡ, ಉದ್ದ ಲಂಗದ ಹೆಂಗಸರು ಇದರ ಅತ್ಯುತ್ತಮ ಭಾಗವಲ್ಲ. ನೋಡಲು ಬಂದವರೇ ತಮ್ಮ ಮಕ್ಕಳು ಮೊಮ್ಮಕ್ಕಳ ಎದುರು ನೆನಪುಗಳನ್ನು ಬಿಚ್ಚುವ ಕಡೆಗಳಲ್ಲಿ ಬೀಮಿಷ್‌ನ ನಿಜವಾದ ಬಲವಿದೆ.

ಈ ಸಂಗ್ರಹಾಲಯವನ್ನು ಕಟ್ಟಿದವರು ಫ್ರ್ಯಾಂಕ್ ಅಟ್ಕಿನ್ಸನ್. 1950ರ ದಶಕದಲ್ಲಿ ಸ್ಕ್ಯಾಂಡಿನೇವಿಯಾದ ಬಯಲು ಸಂಗ್ರಹಾಲಯಗಳನ್ನು ನೋಡಿ ಬಂದ ಅವರು, ಈಶಾನ್ಯ ಇಂಗ್ಲೆಂಡಿನ ಕಲ್ಲಿದ್ದಲು, ಹಡಗು, ಉಕ್ಕಿನ ಉದ್ಯಮಗಳು ಕುಸಿಯುತ್ತಿದ್ದಂತೆ ಅವುಗಳ ಸುತ್ತ ಬೆಳೆದ ಬದುಕಿನ ರೀತಿಯೂ ಅಳಿಸಿಹೋಗುತ್ತದೆಂಬುದನ್ನು ಬೇಗನೆ ಗ್ರಹಿಸಿದರು. ಅವರ ಸಂಗ್ರಹದ ನಿಯಮ ಸರಳವಾಗಿತ್ತು: ಜನ ಏನು ಕೊಟ್ಟರೂ ಬೇಡವೆನ್ನಬಾರದು. ಹಳೆಯ ಇಸ್ತ್ರಿಪೆಟ್ಟಿಗೆ, ಬಟ್ಟೆ ಹಿಂಡುವ ಯಂತ್ರ, ಅಂಗಡಿಯ ಫಲಕ, ಕೊನೆಗೆ ಇಡೀ ಕಟ್ಟಡಗಳೂ ಬಂದವು. ಇಡಲು ಜಾಗವಿಲ್ಲದೆ ಬ್ರಾನ್ಸ್‌ಪೆತ್ ಎಂಬಲ್ಲಿನ ಹಳೆಯ ಸೇನಾ ಶಿಬಿರದ ಶೆಡ್ಡುಗಳಲ್ಲಿ ಅವನ್ನೆಲ್ಲ ತುಂಬಿಸಿಡಬೇಕಾಯಿತು. 1970ರಲ್ಲಿ ಸಂಸ್ಥೆ ಅಧಿಕೃತವಾಗಿ ಸ್ಥಾಪನೆಯಾಯಿತು. ಎರಡೇ ವರ್ಷಗಳಲ್ಲಿ ಈಗಿನ ಜಾಗ ಜನರಿಗೆ ತೆರೆಯಿತು. ಇಲ್ಲಿನ ಹೆಚ್ಚಿನ ಕಟ್ಟಡಗಳು ಬೇರೆ ಬೇರೆ ಊರುಗಳಲ್ಲಿ ಇದ್ದಂಥವು. ಅವನ್ನು ಕಲ್ಲು ಕಲ್ಲಾಗಿ ಬಿಚ್ಚಿ ತಂದು ಮತ್ತೆ ಕಟ್ಟಲಾಗಿದೆ, ಇಲ್ಲವೇ ಅಳತೆ ತೆಗೆದು ಮಾದರಿಯಾಗಿ ಎಬ್ಬಿಸಲಾಗಿದೆ. ಹಾಗಾಗಿ ಬೀಮಿಷ್‌ನ ಬೀದಿಯಲ್ಲಿ ನಡೆಯುವಾಗ ಬಿಷಪ್ ಆಕ್ಲೆಂಡಿನ ಹೆಂಡದಂಗಡಿ, ಗೇಟ್ಸ್‌ಹೆಡ್‌ನ ಮನೆಗಳ ಸಾಲು, ಆ್ಯನ್‌ಫೀಲ್ಡ್ ಪ್ಲೇನ್‌ನ ಸಹಕಾರಿ ಅಂಗಡಿ ಎಲ್ಲವೂ ಒಂದರ ಪಕ್ಕ ಒಂದು ಸಿಗುತ್ತವೆ. ಯಾವ ನಿಜವಾದ ಊರೂ ಹೀಗಿರಲಿಲ್ಲ ಎಂದು ಆಕ್ಷೇಪಿಸಬಹುದು. ನನಗೆ ಅದು ದೊಡ್ಡ ದೋಷವೆನಿಸುವುದಿಲ್ಲ, ಏಕೆಂದರೆ ಪ್ರತಿ ಕಟ್ಟಡ ಎಲ್ಲಿಂದ ಬಂತು ಎಂಬುದನ್ನು ಕೇಳಿದವರಿಗೆ ಸಿಬ್ಬಂದಿ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ.

ಬೀಮಿಷ್‌ನ ಒಂದೊಂದು ಭಾಗವೂ ಒಂದೊಂದು ಕಾಲದ ಬದುಕನ್ನು ತೋರಿಸುತ್ತದೆ. ಅವುಗಳಲ್ಲಿ 1900ರ ದಶಕದ ಪಟ್ಟಣದಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾದ ಜಾಗ ಈ ಸಹಕಾರಿ ಅಂಗಡಿ. ಒಂದು ಕಡೆ ದಿನಸಿ, ಇನ್ನೊಂದು ಕಡೆ ಬಟ್ಟೆ, ಮತ್ತೊಂದು ಕಡೆ ಕಬ್ಬಿಣದ ಸಾಮಾನು. ಗಿರಾಕಿ ಕೊಟ್ಟ ಹಣವನ್ನು ಗುಮಾಸ್ತ ಪೊಳ್ಳಾದ ಮರದ ಚೆಂಡಿನೊಳಗೆ ಚೀಟಿಯೊಂದಿಗೆ ಇಟ್ಟು, ಮೇಲಕ್ಕೆತ್ತಿ, ತಲೆಯ ಮೇಲಿನ ಹಳಿಯಲ್ಲಿ ಬಿಡುತ್ತಾನೆ. ಇಳಿಜಾರಿನ ಬಲದಿಂದಲೇ ಚೆಂಡು ಗುಡುಗುಡು ಉರುಳುತ್ತ ಕ್ಯಾಷಿಯರ್ ಕೂತ ಗೂಡಿನವರೆಗೆ ಹೋಗುತ್ತದೆ, ಚಿಲ್ಲರೆಯನ್ನು ಹೊತ್ತು ಇನ್ನೊಂದು ಹಳಿಯಲ್ಲಿ ಹಿಂದಿರುಗುತ್ತದೆ. ಯಾವ ಚೆಂಡು ಯಾವ ಕೌಂಟರಿಗೆ ಮರಳಬೇಕೆಂಬುದನ್ನು ಅದರ ಗಾತ್ರವೇ ನಿರ್ಧರಿಸುವಂತೆ ಹಳಿಯನ್ನು ಜೋಡಿಸಲಾಗಿದೆ. ಕಂಪ್ಯೂಟರ್ ಬಿಲ್ಲಿನಲ್ಲೇ ಬೆಳೆದ ಮಕ್ಕಳು ಈ ಚೆಂಡಿನ ಹಿಂದೆ ಕತ್ತು ತಿರುಗಿಸುತ್ತ ನಿಂತುಬಿಡುತ್ತಾರೆ. ಆದರೆ ಅಂಗಡಿಯಲ್ಲಿ ನಾನು ಗಮನಿಸಿದ ಮುಖ್ಯ ಸಂಗತಿ ಬೇರೆ. ಸಹಕಾರಿ ಅಂಗಡಿಯ ಸದಸ್ಯರಿಗೆ ಅವರ ಖರೀದಿಯ ಪ್ರಮಾಣಕ್ಕೆ ತಕ್ಕಂತೆ ಲಾಭದ ಪಾಲು ಸಿಗುತ್ತಿತ್ತು. ಅದನ್ನು ಇಲ್ಲಿನವರು ‘ಡಿವಿ’ ಎನ್ನುತ್ತಾರೆ. ಅದಕ್ಕಾಗಿ ಸಾಮಾನು ಕೊಂಡಾಗಲೆಲ್ಲ ಸದಸ್ಯತ್ವದ ಸಂಖ್ಯೆಯನ್ನು ಹೇಳಬೇಕಿತ್ತು. ಅಮ್ಮ ಅಂಗಡಿಗೆ ಅಟ್ಟಿದ ಮಕ್ಕಳು ಆ ಸಂಖ್ಯೆಯನ್ನು ಬಾಯಿಪಾಠ ಮಾಡಿಕೊಂಡು ಹೋಗುತ್ತಿದ್ದರು. ಇಂದಿಗೂ ಈ ಕೌಂಟರಿನ ಮುಂದೆ ನಿಂತ ವಯಸ್ಸಾದವರು ಯಾರೂ ಕೇಳದೆಯೇ ತಮ್ಮ ತಾಯಿಯ ಡಿವಿ ಸಂಖ್ಯೆಯನ್ನು ಉಸುರಿಬಿಡುತ್ತಾರೆ. ಫಲಕದ ಮೇಲೆ ಎಷ್ಟೇ ಬರೆದರೂ ಸಹಕಾರ ಚಳವಳಿ ಒಂದು ಗಣಿ ಕುಟುಂಬದ ಅಡುಗೆಮನೆಯವರೆಗೆ ಹೇಗೆ ಇಳಿದಿತ್ತು ಎಂಬುದು ಇಷ್ಟು ಸ್ಪಷ್ಟವಾಗಿ ತಿಳಿಯುತ್ತಿರಲಿಲ್ಲ.

ಗೇಟ್ಸ್‌ಹೆಡ್‌ನಿಂದ ತಂದ ರೇವನ್ಸ್‌ವರ್ತ್ ಟೆರೇಸ್‌ನ ಮನೆಗಳಲ್ಲಿ ಸಂಗೀತ ಶಿಕ್ಷಕಿಯ ಕೋಣೆ, ವಕೀಲರ ಕಚೇರಿ, ದಂತವೈದ್ಯರ ಚಿಕಿತ್ಸಾಲಯ ಇವೆ. ಕೊನೆಯದನ್ನು ಬಿಡಬೇಡಿ. ಕಾಲಿನಿಂದ ತುಳಿದು ತಿರುಗಿಸುವ ಡ್ರಿಲ್ಲು, ಅರಿವಳಿಕೆ ಅನಿಲದ ಸಲಕರಣೆ, ಸಾಲಾಗಿ ಜೋಡಿಸಿಟ್ಟ ಕಟ್ಟುಹಲ್ಲುಗಳನ್ನು ತೋರಿಸುತ್ತ, ಮದುವೆಗೆ ಮುಂಚೆ ಹುಡುಗಿಯ ಹಲ್ಲೆಲ್ಲ ಕೀಳಿಸಿ ಕಟ್ಟುಹಲ್ಲು ಹಾಕಿಸುವುದು ಆ ಕಾಲದಲ್ಲಿ ಒಳ್ಳೆಯ ಉಡುಗೊರೆಯಾಗಿತ್ತು, ಮುಂದೆ ಗಂಡನಿಗೆ ಅದರ ಖರ್ಚು ಬೀಳಬಾರದೆಂಬ ಲೆಕ್ಕಾಚಾರ ಅದರ ಹಿಂದಿತ್ತು ಎಂದು ಅಲ್ಲಿನ ಸಿಬ್ಬಂದಿ ತಣ್ಣಗೆ ವಿವರಿಸುತ್ತಾರೆ. ಎದುರಿನ ಮಿಠಾಯಿ ಅಂಗಡಿಯಲ್ಲಿ ಸಕ್ಕರೆಪಾಕ ಕುದಿಸಿ ಹಳೆಯ ಹಿತ್ತಾಳೆ ಉರುಳೆಗಳಲ್ಲಿ ಹಾಯಿಸಿ ಮಿಠಾಯಿ ಮಾಡುವುದನ್ನು ನೋಡಿದ ಮೇಲೆ ಈ ದಂತವೈದ್ಯರ ಕತೆಗೆ ಇನ್ನಷ್ಟು ಅರ್ಥ ಬರುತ್ತದೆ. ಉಳಿದಂತೆ ಪಟ್ಟಣದ ಬೀದಿಯಲ್ಲಿ ಬ್ಯಾಂಕು, ಮೋಟಾರು ಗ್ಯಾರೇಜು, ಮುದ್ರಣಾಲಯ ಇವೆ. ಅಚ್ಚುಮೊಳೆಯಲ್ಲಿ ಆಸಕ್ತಿಯಿರುವವರಿಗೆ ಮುದ್ರಣಾಲಯ ಸೊಗಸು, ಮಿಕ್ಕವನ್ನು ಬೇಗ ದಾಟಬಹುದು.

ಇಲ್ಲಿಂದ ಟ್ರಾಮಿನಲ್ಲಿ ಸ್ವಲ್ಪ ದೂರ ಹೋದರೆ ಗಣಿ ಹಳ್ಳಿ. ಡರ್ಹಮ್‌ನ ಕಲ್ಲಿದ್ದಲು ಉತ್ಪಾದನೆ ತುತ್ತತುದಿ ಮುಟ್ಟಿದ್ದು 1913ರಲ್ಲಿ. ಆಗ ಈ ಒಂದೇ ಕೌಂಟಿಯ 304 ಗಣಿಗಳಲ್ಲಿ 1,65,000ಕ್ಕೂ ಹೆಚ್ಚು ಗಂಡಸರು ಮತ್ತು ಹುಡುಗರು ದುಡಿಯುತ್ತಿದ್ದರು. ಹೆಟನ್-ಲೆ-ಹೋಲ್ ಎಂಬ ಊರಿನಿಂದ ತಂದ ಕಾರ್ಮಿಕರ ಮನೆಗಳ ಸಾಲು ಇಲ್ಲಿದೆ. ಹೊರಗಿನಿಂದ ಎಲ್ಲ ಮನೆಗಳೂ ಒಂದೇ ಬಗೆ. ಒಳಗೆ ಒಂದು ಮೆಥಡಿಸ್ಟ್ ಕುಟುಂಬದ್ದು, ಇನ್ನೊಂದು ಕ್ಯಾಥೊಲಿಕ್ ಕುಟುಂಬದ್ದು ಎಂದು ಗೋಡೆಯ ಚಿತ್ರಗಳಿಂದ, ಕಪಾಟಿನ ಸಾಮಾನುಗಳಿಂದ ತಿಳಿಯುತ್ತದೆ. ದೊಡ್ಡ ಕಬ್ಬಿಣದ ಒಲೆ ಸದಾ ಉರಿಯುತ್ತಿರುತ್ತದೆ, ಏಕೆಂದರೆ ಗಣಿಯವರಿಗೆ ಕಲ್ಲಿದ್ದಲು ಕೂಲಿಯ ಭಾಗವಾಗಿ ಸಿಗುತ್ತಿತ್ತು. ಅದರ ಮುಂದೆ ಹಳೆಯ ಬಟ್ಟೆಯ ಚೂರುಗಳನ್ನು ಗೋಣಿಗೆ ಚುಚ್ಚಿ ಮಾಡಿದ ‘ಪ್ರಾಗಿ’ ಚಾಪೆ ಹಾಸಿದೆ. ನಮ್ಮ ಅಜ್ಜಿಯರ ಕೌದಿಯನ್ನು ಬಲ್ಲವರಿಗೆ ಆ ಚಾಪೆಯ ಪರಿಚಯ ಮಾಡಿಕೊಡಬೇಕಾಗಿಲ್ಲ.

ಶಾಲೆಯದು ಬೇರೆಯೇ ರುಚಿ. ಈಸ್ಟ್ ಸ್ಟ್ಯಾನ್ಲಿಯಲ್ಲಿ 1892ರಲ್ಲಿ ಆರಂಭವಾದ ಈ ಶಾಲೆಯ ಒಳಗೆ ಜೋಡಿ ಬೆಂಚು, ಸ್ಲೇಟು, ಸಾಮ್ರಾಜ್ಯದ ಭಾಗಗಳಿಗೆಲ್ಲ ಒಂದೇ ಬಣ್ಣ ಬಳಿದ ಭೂಪಟ. ಭಾರತದಿಂದ ಬಂದವರು ಆ ಭೂಪಟದ ಮುಂದೆ ಕ್ಷಣಕಾಲ ನಿಲ್ಲುವುದು ಸಹಜ. ಹೊರಗಿನ ಅಂಗಳದಲ್ಲಿ ಕಬ್ಬಿಣದ ಬಳೆಯನ್ನು ಕೋಲಿನಿಂದ ಉರುಳಿಸಿಕೊಂಡು ಓಡುವ ಆಟವಿದೆ. ಅದನ್ನು ಇಲ್ಲಿ ‘ಬೂಲರ್’ ಎನ್ನುತ್ತಾರೆ. ಹಳ್ಳಿಯಲ್ಲಿ ಸೈಕಲ್ ರಿಮ್ಮನ್ನೋ ಹಳೆಯ ಟಯರನ್ನೋ ಓಡಿಸಿ ಬೆಳೆದ ನಮ್ಮ ಅಪ್ಪಂದಿರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಇಂಗ್ಲಿಷ್ ಮಕ್ಕಳ ಬಳೆ ನಾಲ್ಕು ಹೆಜ್ಜೆಗೇ ಬಿದ್ದರೆ ಅವರದು ಅಂಗಳದ ಕೊನೆ ಮುಟ್ಟುತ್ತದೆ.

ಹಳ್ಳಿಯ ಅಂಚಿನಲ್ಲಿ ಮಹಾಗನಿ ಡ್ರಿಫ್ಟ್ ಎಂಬ ಇಳಿಜಾರು ಗಣಿ ಇದೆ. ಬೇರೆಲ್ಲಿಂದಲೋ ತಂದದ್ದಲ್ಲ, 1855ರಿಂದ ಇದೇ ಜಾಗದಲ್ಲಿರುವುದು. ತಲೆಗೆ ಹೆಲ್ಮೆಟ್ಟು ಹಾಕಿಕೊಂಡು, ಸೊಂಟ ಬಗ್ಗಿಸಿ, ಮಾರ್ಗದರ್ಶಕರ ಹಿಂದೆ ಒಳಗೆ ನಡೆದಾಗ ಸೂರು ಎಷ್ಟು ತಗ್ಗಿದೆ ಎಂಬುದು ಬೆನ್ನಿಗೇ ತಿಳಿಯುತ್ತದೆ. ದೀಪ ಆರಿಸಿದರೆ ಕಣ್ಣಿಗೆ ತನ್ನ ಕೈಯೂ ಕಾಣದು. ಬೆನ್ನುನೋವಿರುವವರು, ಮುಚ್ಚಿದ ಜಾಗಕ್ಕೆ ಹೆದರುವವರು ಹೊರಗೆ ನಿಲ್ಲುವುದು ಒಳ್ಳೆಯದು.

ನನ್ನ ತಕರಾರು ಇರುವುದು ಇಲ್ಲೇ. ಬೀಮಿಷ್‌ನಿಂದ ಕೂಗಳತೆಯ ದೂರವೆನ್ನಬಹುದಾದ ಸ್ಟ್ಯಾನ್ಲಿಯ ಗಣಿಯಲ್ಲಿ 1909ರ ಫೆಬ್ರವರಿ 16ರಂದು ನಡೆದ ಸ್ಫೋಟದಲ್ಲಿ 168 ಗಂಡಸರು ಮತ್ತು ಹುಡುಗರು ಸತ್ತರು. ಅಂದರೆ ಕಲ್ಲಿದ್ದಲು ಉತ್ಪಾದನೆ ತುತ್ತತುದಿ ಮುಟ್ಟಿದ 1913ಕ್ಕೆ ನಾಲ್ಕೇ ವರ್ಷ ಹಿಂದೆ, ಸುತ್ತಮುತ್ತಲ ಬೀದಿಬೀದಿಗಳಲ್ಲಿ ಸಾವಾಗಿತ್ತು. ಬೆಚ್ಚಗಿನ ಒಲೆ, ಬ್ರೆಡ್ಡಿನ ಪರಿಮಳ, ವಾದ್ಯವೃಂದದ ಅಭ್ಯಾಸ ಮಂದಿರ, ಮುದ್ದಾದ ಗಣಿ ಕುದುರೆಗಳು, ಇವುಗಳ ನಡುವೆ ಆ ದುಃಖದ ತೂಕ ಸಾಲದಾಗಿ ಕಾಣುತ್ತದೆ. ಕೇಳಿದರೆ ಸಿಬ್ಬಂದಿ ಎಲ್ಲವನ್ನೂ ಹೇಳುತ್ತಾರೆ, ಅದೂ ಚೆನ್ನಾಗಿ ಹೇಳುತ್ತಾರೆ. ಆದರೆ ಕೇಳದೆ ಹೋದವರು ಆ ಕಾಲವೇ ಚೆನ್ನಾಗಿತ್ತು ಎಂಬ ಭಾವನೆಯನ್ನು ಹೊತ್ತು ಮರಳುವ ಸಾಧ್ಯತೆಯಿದೆ. ಕೋಲಾರದ ಚಿನ್ನದ ಗಣಿಯನ್ನು ಬಲ್ಲ ಕನ್ನಡಿಗರಿಗೆ ಈ ಕೊರತೆ ಬೇಗ ಕಣ್ಣಿಗೆ ಬೀಳುತ್ತದೆ. ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಬ್ರಿಟಿಷ್ ಕಂಪನಿ 1880ರ ದಶಕದಲ್ಲಿ ಬೆಳೆಸಿದ ಆ ಊರಲ್ಲೂ ಬಂಗಲೆ, ಕ್ಲಬ್ಬುಗಳ ಇಂಗ್ಲೆಂಡು ಒಂದು ಕಡೆ, ಕಾರ್ಮಿಕರ ಲೈನುಗಳು ಇನ್ನೊಂದು ಕಡೆ ಇದ್ದವು. 2001ರಲ್ಲಿ ಗಣಿ ಮುಚ್ಚಿದ ಮೇಲೆ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುವ ಅಲ್ಲಿನವರ ಮನೆಗಳಲ್ಲಿರುವ ದೀಪ, ಹಾಜರಿ ಬಿಲ್ಲೆ, ಫೋಟೋಗಳನ್ನು ಅಟ್ಕಿನ್ಸನ್‌ರಂತೆ ಆರಿಸದೆ ಪಡೆದುಕೊಳ್ಳುವವರು ಬೇಕು ಎಂದು ಬೀಮಿಷ್‌ನಲ್ಲಿ ಓಡಾಡುವಾಗ ನನಗೆ ಮತ್ತೆ ಮತ್ತೆ ಅನ್ನಿಸಿತು.

1950ರ ದಶಕದ ಪಟ್ಟಣ ಇತ್ತೀಚಿನದು. ಈ ಸಂಗ್ರಹಾಲಯದ ಅತ್ಯುತ್ತಮ ಭಾಗವೂ ಇದೇ ಎಂಬುದು ನನ್ನ ಖಚಿತ ಅಭಿಪ್ರಾಯ. 2022ರಲ್ಲಿ ತೆರೆದ ಸಾಲು ಅಂಗಡಿಗಳಲ್ಲಿ ಕೆಫೆ, ಕೇಶಾಲಂಕಾರದ ಅಂಗಡಿ, ಮೀನು ಮತ್ತು ಚಿಪ್ಸ್ ಅಂಗಡಿ ಇವೆ. ಪಕ್ಕದಲ್ಲಿ ಲೀಸಿಂಗ್‌ಥಾರ್ನ್‌ನ ಗಣಿ ಕಾರ್ಮಿಕರ ಕ್ಷೇಮ ಭವನವಿದೆ. ಗಣಿಯಲ್ಲಿ 14ನೇ ವಯಸ್ಸಿಗೇ ಕೆಲಸಕ್ಕೆ ಸೇರಿ, 1966ರಲ್ಲಿ ಅದನ್ನು ಬಿಟ್ಟು ಪೂರ್ಣಕಾಲದ ಕಲಾವಿದರಾದ ಸ್ಪೆನ್ನಿಮೂರ್‌ನ ನಾರ್ಮನ್ ಕಾರ್ನಿಷ್ ಅವರ ಮನೆಯ ಮರುನಿರ್ಮಾಣವೂ ಇಲ್ಲಿದೆ. ನಂತರ ಆಟಿಕೆ ಅಂಗಡಿ ಮತ್ತು ರೈಹೋಪ್‌ನ ಗ್ರ್ಯಾಂಡ್ ಚಿತ್ರಮಂದಿರ ಸೇರಿದವು. 1900ರ ಬೀದಿಯನ್ನು ಬದುಕಿದವರು ಇಂದು ಯಾರೂ ಇಲ್ಲ; ಅಲ್ಲಿ ವೇಷ ಧರಿಸಿದ ಸಿಬ್ಬಂದಿ ಮಾತಾಡುತ್ತಾರೆ, ನಾವು ಕೇಳುತ್ತೇವೆ. 1950ರ ಬೀದಿಯಲ್ಲಿ ಲೆಕ್ಕ ತಿರುವುಮುರುವು. ಆಟಿಕೆ ಅಂಗಡಿಯ ಗಾಜಿನ ಹಿಂದಿನ ತಗಡಿನ ಕಾರನ್ನು ತೋರಿಸಿ ಇದು ತನಗೆ ಎಂದೂ ಸಿಗಲಿಲ್ಲ ಎಂದು ಮೊಮ್ಮಗಳಿಗೆ ಹೇಳುವ ಅಜ್ಜ, ಕೇಶಾಲಂಕಾರದ ಅಂಗಡಿಯ ದೊಡ್ಡ ಡ್ರೈಯರಿನ ಕೆಳಗೆ ಕೂತು ತನ್ನ ಮೊದಲ ನೃತ್ಯದ ಸಂಜೆಯನ್ನು ವರ್ಣಿಸುವ ಅಜ್ಜಿ, ಅವರ ಮಾತಿಗೆ ದಾರಿ ಬಿಟ್ಟು ಸುಮ್ಮನೆ ನಿಲ್ಲುವ ಸಿಬ್ಬಂದಿ, ಇವೆಲ್ಲ ಇಲ್ಲಿನ ಪ್ರದರ್ಶನದ ಭಾಗವೇ ಆಗಿಬಿಟ್ಟಿವೆ.

ಇದೇ ತಿಳಿವಳಿಕೆಯನ್ನು ಸಂಸ್ಥೆ ಇನ್ನೊಂದು ಹೆಜ್ಜೆ ಮುಂದೊಯ್ದಿದೆ. ಗಣಿಯ ಕೆಲಸ ಬಿಟ್ಟೊಡನೆ ಕಂಪನಿಯ ಮನೆಯನ್ನೂ ಬಿಡಬೇಕಿದ್ದ ಮುದುಕರಿಗಾಗಿ ಡರ್ಹಮ್‌ನ ಕಾರ್ಮಿಕರು 1898ರಲ್ಲಿ ತಮ್ಮದೇ ಸಂಘ ಕಟ್ಟಿ, ಕೂಲಿಯಿಂದ ಅಷ್ಟಿಷ್ಟು ಕೊಟ್ಟು, ಪುಟ್ಟ ಮನೆಗಳನ್ನು ಕಟ್ಟಿಸಿದ್ದರು. ಅಂಥ ಮನೆಗಳ ಸಾಲನ್ನು ಬೀಮಿಷ್ 1950ರ ಪಟ್ಟಣದಲ್ಲಿ ಕಟ್ಟಿದೆ, ಮತ್ತು ಅವನ್ನು ಮರೆವಿನ ಕಾಯಿಲೆಯಿಂದ ಬಳಲುವ ಹಿರಿಯರೊಂದಿಗಿನ ಚಟುವಟಿಕೆಗಳಿಗೆ ಬಳಸುತ್ತಿದೆ. ಪರಿಚಿತ ಕೆಟಲ್ಲು, ರೇಡಿಯೊ, ಪಿಂಗಾಣಿ ಬಟ್ಟಲು ಕೈಗೆ ಸಿಕ್ಕಾಗ ಮಾತು ಮರಳುವವರಿದ್ದಾರೆ. ವಸ್ತುಸಂಗ್ರಹಾಲಯವೊಂದರ ಟಿಕೆಟ್ ಹಣ ಇಂಥ ಕೆಲಸಕ್ಕೂ ಹೋಗುತ್ತದೆ ಎಂದರೆ ಬೆಲೆ ದುಬಾರಿಯೆನಿಸುವುದಿಲ್ಲ.

1820ರ ದಶಕದ ಬದುಕನ್ನು ತೋರಿಸುವ ಪಾಕರ್ಲಿ ಓಲ್ಡ್ ಹಾಲ್ ಎಂಬ ಹಳೆಯ ಮನೆ ಮತ್ತು ಆರಂಭದ ಕಾಲದ ಉಗಿಬಂಡಿಯ ಹಳಿ ರೈಲು ಪ್ರಿಯರಿಗೆ ಹಿಡಿಸಬಹುದು. 1940ರ ದಶಕದ ಹೊಲಮನೆ ಯುದ್ಧಕಾಲದ ಪಡಿತರ ವ್ಯವಸ್ಥೆಯನ್ನು ತೋರಿಸುತ್ತದೆ. ನ್ಯಾಯಬೆಲೆ ಅಂಗಡಿಯ ಸಾಲಿನಲ್ಲಿ ನಿಂತು ಗೊತ್ತಿರುವ ನಮಗೆ ಅದರಲ್ಲಿ ಹೊಸತು ಕಡಿಮೆ.

ಊಟದ ವಿಷಯದಲ್ಲಿ ಒಂದು ಎಚ್ಚರಿಕೆ. ಗಣಿ ಹಳ್ಳಿಯ ಡೇವೀಸ್ ಅಂಗಡಿಯಲ್ಲಿ ಕಲ್ಲಿದ್ದಲಿನ ಒಲೆಯ ಮೇಲೆ ಕರಿಯುವ ಚಿಪ್ಸ್‌ನ ರುಚಿಯನ್ನು ಎಲ್ಲರೂ ಹೊಗಳುತ್ತಾರೆ. ಆದರೆ ಕರಿಯುವುದು ದನದ ಕೊಬ್ಬಿನಲ್ಲಿ. ಆಲೂಗಡ್ಡೆ ತಾನೇ ಎಂದು ಸಸ್ಯಾಹಾರಿಗಳು ಸಾಲಿನಲ್ಲಿ ನಿಲ್ಲುವ ಮೊದಲು ಇದನ್ನು ತಿಳಿದಿರಬೇಕು. ಬುತ್ತಿ ಕಟ್ಟಿಕೊಂಡು ಹೋದರೆ ಹುಲ್ಲಿನ ಮೇಲೆ ಕೂತು ತಿನ್ನಲು ಜಾಗಕ್ಕೆ ಬರವಿಲ್ಲ.

ನ್ಯೂಕಾಸಲ್‌ನಿಂದ ಬಸ್ಸಿನಲ್ಲಿ ಹೋಗಬಹುದು. ಒಳಗಿನ ಟ್ರಾಮು, ಬಸ್ಸುಗಳಿಗೆ ಬೇರೆ ಹಣವಿಲ್ಲ. ಗುಡ್ಡದ ಗಾಳಿ ಜೋರು, ಆದ್ದರಿಂದ ಬೇಸಿಗೆಯಲ್ಲೂ ಜಾಕೆಟ್ ಇರಲಿ. ಚಳಿಗಾಲದಲ್ಲಿ ಕೆಲವು ಭಾಗಗಳನ್ನು ಮುಚ್ಚುವುದುಂಟು. ಹೊರಡುವ ಮೊದಲು ವೇಳಾಪಟ್ಟಿ ನೋಡಿಕೊಳ್ಳಿ. ಅರ್ಧ ದಿನವಷ್ಟೇ ಇರುವವರು ಮೊದಲ ಟ್ರಾಮಿನಲ್ಲೇ 1950ರ ಪಟ್ಟಣಕ್ಕೆ ಹೋಗಿ, ಅಲ್ಲಿಂದ ಗಣಿ ಹಳ್ಳಿ ನೋಡಿ, ಕೊನೆಗೆ ಸಹಕಾರಿ ಅಂಗಡಿಗೆ ಬರಲಿ. ಹತ್ತಿರದ ಊರುಗಳಲ್ಲೇ ನೆಲೆಸಿರುವ ಕನ್ನಡಿಗರಿಗೆ ಅಷ್ಟು ಅವಸರ ಬೇಡ: ಒಮ್ಮೆ ಕೊಂಡ ಪಾಸು ಒಂದು ವರ್ಷ ನಡೆಯುತ್ತದೆ, ಊರಿನಿಂದ ಅಪ್ಪ ಅಮ್ಮ ಬಂದಾಗ ಅವರಿಗಷ್ಟೇ ಟಿಕೆಟ್ ತೆಗೆದರಾಯಿತು.